ಮರ ನನಗ ಬಿಡ್ರಿ

ಅರವತ್ತೇಳನೆಯ ಇಸವಿ, ಪುಣೆ ಕ್ಯಾಂಪಿನ ಹಿಂದಿನ ಗಲ್ಲಿ.
ಅಂಗಡಿ ಮುಫದ್ದಲ್ ಶೇಟರದು, ಒಳಗಿನ ಮೋಟು ಬೆಂಚು ನನ್ನದು,
ಮೌನೇಶ ಬಡಿಗೇರನದು. ನಳಿಗೆಯ ಮಾತು ಅವರದು,
ಹೆಗಲಿಗೊರಗುವ ಮರ ನನ್ನ ಪಾಲು:
ಅರ, ಉಳಿ, ಅಗಸೆ ಎಣ್ಣೆ, ಅಂಗೈಯ ಬಿಸಿ.

ಅವನು ಬಂದದ್ದು ಪಗಾರದ ಮರುದಿನ.
ಘೋರ್ಪಡಿ ಶೆಡ್ಡಿನ ಫಾಯರ್‌ಮನ್, ಉಗುರ ಸಂದಿಯಲ್ಲಿನ್ನೂ ಕಲ್ಲಿದ್ದಲು.
ಲೈಸೆನ್ಸನ್ನು ಲಗ್ನಪತ್ರಿಕೆಯಂತೆ ಬಿಡಿಸಿಟ್ಟು
"ಜೋಡುನಳಿಗೆ ಬೇಕು" ಅಂದ, ಹರಕು ಹಿಂದಿಯಲ್ಲಿ.
"ಹುಲಿಗಲ್ಲ. ಕೌಜುಗಕ್ಕೆ, ಮೊಲಕ್ಕೆ. ಕೈಲಿರೋದು ಮುನ್ನೂರ ಐವತ್ತು."

ಶೇಟರು ಮೊದಲು ಇಂಗ್ಲೆಂಡಿನದನ್ನು ತೆಗೆದರು. ಬೆಲೆ ಕೇಳಿ
ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.
ಆಮೇಲೆ ಇನ್ನೆರಡು.
ಒಂದು, ಸುರುಳಿ ಕಬ್ಬಿಣದ ಹಳೆಯ ನಳಿಗೆ, ಮೈತುಂಬ
ಹಾವಿನ ಪೊರೆಯಂಥ ಚಿತ್ತಾರ, ಪಕ್ಕದ ತಗಡಿನಲ್ಲಿ ಹಾರುವ ಬಾತು.
ಮುನ್ನೂರಕ್ಕೆ ಕೊಟ್ಟುಬಿಡುತ್ತೇನೆ, ಅಂದರು ಶೇಟರು.
ಇನ್ನೊಂದು ಬೆಲ್ಜಿಯಂನದು. ಬೋಳು. ಹೊರಗೆ ಎರಡು ಕುದುರೆ,
ಶಾಲೆಯ ಜವಾನನಂಥ ಮುಖ. ಅದಕ್ಕೆ ಮುನ್ನೂರ ಎಂಬತ್ತು.

ಅವನ ಕಣ್ಣು ಬಾತುಗಳ ಮೇಲೇ ಕೂತಿತು.
ತಪ್ಪೇನಿಲ್ಲ. ದಿನವಿಡೀ ಬೆಂಕಿಯ ಬಾಯಿಗೆ ಸಲಿಕೆಯಲ್ಲಿ ಉಣಿಸುವವನಿಗೆ
ಒಂದಾದರೂ ಚಂದದ ವಸ್ತು ಬೇಕಾಗುತ್ತದೆ.
ಹೆಗಲಿಗೇರಿಸಿದ, ಗೋಡೆಯ ಹಲ್ಲಿಗೆ ಗುರಿಯಿಟ್ಟ,
"ಯವ್ವಾ, ಏನ್ ಹಗುರ ಐತಿ" ಅಂದುಕೊಂಡ ತನ್ನಷ್ಟಕ್ಕೆ.

ನನ್ನ ಕೈಯ ಉಜ್ಜುಗಾಗದ ನಿಂತಿತು.

"ಯಾವ ಊರ್ರಿ?"
"ಬಾಗಲಕೋಟಿ ಕಡೆ. ತಳವಾರ, ದುರ್ಗಪ್ಪ."
"ದುರ್ಗಪ್ಪ, ಆ ನಳಿಗಿ ಬಿಚ್ಚಿ ಬೆಳಕಿಗೆ ಹಿಡೀರಿ.
ಉಂಗುರ ಉಂಗುರ ಕಾಣ್ಬೇಕು, ಬಾವ್ಯಾಗ ಕಲ್ಲು ಒಗದಂಗ."
"ಕಾಣ್ತಾವ. ನಡುವ ಒಂದಿಷ್ಟು ಸಿಡುಬಿನ ಕಲಿ."
"ಕರಿಮದ್ದಿನ ಕಾಲದ್ದದು. ಈಗಿನ ತೋಟಾ ತಡಿಯಂಗಿಲ್ಲ.
ಈಗ ಇದನ್ನ ಬಿಚ್ರಿ. ಕೊಂಡಿಗೆ ಬೆರಳು ಹಾಕಿ ತೂಗಬಿಟ್ಟು ಉಗುರಿಲೆ ಬಡೀರಿ."

ಬಡಿದ. ಗುಡಿಯ ಗಂಟೆಯೇನಲ್ಲ,
ಉಣ್ಣುವ ಹೊತ್ತಿಗೆ ತಾಟು ತಗುಲಿದ ದನಿ,
ಆದರೆ ಉದ್ದ. ಎಲ್ಲೂ ಗದಗುಡದೆ ತೀರಿಹೋಗುವ ದನಿ.

ಅದಕ್ಕೂ ಒಂದು ಊನ ಇತ್ತು. ಮುಚ್ಚಿದವನೇ ನಾನು:
ಹಿಡಿಯ ಕೊರಳಲ್ಲಿ ಕೂದಲೆಳೆಯ ಸೀಳು,
ಅರಗು, ಅಕ್ರೋಟಿನ ಪುಡಿ, ಮೇಲೆ ಮೂರು ಸಲ ಎಣ್ಣೆ.
ಅಷ್ಟು ಚೆನ್ನಾಗಿ ಸುಳ್ಳು ಹೇಳುತ್ತದೆ ನನ್ನ ಕೈ.

ಹೇಳಿಬಿಟ್ಟೆ.

ಉಗುರಾಡಿಸಿದ. ಸಿಗಲಿಲ್ಲ. ಮತ್ತೆ ಆಡಿಸಿದ, ಸಿಕ್ಕಿತು.
"ಒಡದ ಬಂದೂಕ ತಗೋ ಅಂತೀರಿ?"
"ಒಡದದ್ದು ಮರ. ಮರ ನನಗ ಬಿಡ್ರಿ, ಹಿತ್ತಾಳಿ ಮೊಳಿ ಹಾಕಿ ಕೂಡಸ್ತೀನಿ.
ಕಬ್ಬಿಣ ಒಡದ್ರ ನಿಮ್ಮ ಎಡಗೈ ಹೋಗ್ತೈತಿ,
ಅದನ್ನ ಯಾವ ಬಡಿಗ್ಯಾ ಕೂಡಸ್ತಾನ?"

ಶೇಟರು ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ
"ಮುನ್ನೂರ ನಲವತ್ತು ಕೊಡ್ರಿ" ಅಂದರು,
ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ.
ಒಂಬತ್ತು ವರ್ಷ ಅವರ ಬೆನ್ನಿಗೇ ಕೂತಿದ್ದೇನೆ,
ಅವರ ತಾಯಿಯ ತವರು ಯಾವುದೆಂದು ಕೇಳಿರಲಿಲ್ಲ.
ಉಳಿದ ಹತ್ತಕ್ಕೆ ಅವನು ಆರನೇ ನಂಬರಿನ ತೋಟಾ ಕೊಂಡ.
ಆ ತಿಂಗಳ ನನ್ನ ಪಗಾರದಲ್ಲಿ ನಲವತ್ತು ಕಮ್ಮಿ ಬಂತು.
ಅದರ ಬಗ್ಗೆ ಯಾರೂ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಸಂಕ್ರಾಂತಿಯ ಆಸುಪಾಸು ಮತ್ತೆ ಬಂದ,
ಕಾಲಿಗೆ ಸಾಸವಡದ ಹೊಲಗಳ ಧೂಳು, ಪ್ಯಾಂಟಿಗೆ ಜೋಳದ ಕೂಳೆಯ ಗೀರು.
ಮರಾಠಿ ಪೇಪರಿನಲ್ಲಿ ಸುತ್ತಿದ ಜೋಡಿ ಕೌಜುಗ ಮೇಜಿನ ಮೇಲಿಟ್ಟು ಹೋದ.
ನಾನು ತಿನ್ನುವವನಲ್ಲ.
ಶೇಟರಿಗೆ, ಬಿಸ್ಮಿಲ್ಲಾ ಹೇಳಿ ಕೊಯ್ದದ್ದಲ್ಲ.
ಬೇಡವೆನ್ನುವ ಬಾಯಿ ಇಬ್ಬರಿಗೂ ಬಂದಿರಲಿಲ್ಲ.
ಎದುರು ಮಾಳಿಗೆಯ ಪಿಯಾನೋ ಟೀಚರ್ ಮಿಸಸ್ ಅಲ್ಮೇಡಾಗೆ ದಾಟಿಸಿದೆವು.

ಮರುದಿನ ಆಕೆ ಒಂದು ಸಾಸರ್ ಹಿಡಿದು ಬಂದರು,
ಹಲ್ಲಿಗೆ ಸಿಕ್ಕಿದವು ನೋಡಿ, ನಾಲ್ಕು, ಎಂದು ದೂರಿದರು.
ಬೆಂಚಿನ ಮೇಲಿಡುವಾಗ ಛರ್ರಾ ಉರುಳಿ
ಅಂಚಿಗೆ ತಗುಲಿ ಟಿಣ್ ಅಂದವು.
ಶೇಟರು ತಲೆಯೆತ್ತಿದರು.
"ಎಡ ನಳಿಗಿ" ಅಂದೆ, ಉಜ್ಜುವುದು ನಿಲ್ಲಿಸದೆ.
"ಅದರ ಬಾಯಿ ಬಿಗಿ ಐತಿ."
"ಹೂಂ" ಅಂದರು ಅವರು. "ನಿನ್ನದರಂಗಲ್ಲ."